ಹಣಮವ್ವ ಎಳೆಸಿದ ಬರೆ

ಹಣಮವ್ವನ ಕಣ್ಣಿಗೆ ಪೊರೆ ಬಂದು ಆರು ವರ್ಷವಾಗಿತ್ತು. ಅದರ ಬಗ್ಗೆ ಅವಳಿಗೆ ಯಾವ ತಕರಾರೂ ಇರಲಿಲ್ಲ. ತಕರಾರೆಲ್ಲ ಮನೆಯ ಉಳಿದವರದು. ಇಚಲಕರಂಜಿಯ ಶಹಾಪುರ ಭಾಗದ ಎರಡು ಕೋಣೆಯ ಮನೆಯ ಹೊಸ್ತಿಲ ಮೇಲೆ ಅವಳು ಕೂತರೆ ಓಣಿಯೆಲ್ಲ ಬೆಳಗಿನ ಮಂಜಿನಲ್ಲಿ ಮುಳುಗಿದಂತೆ ಕಾಣುತ್ತಿತ್ತು. ಎದುರಿನ ಮಗ್ಗದ ಶೆಡ್ಡಿನಿಂದ ತಲೆಮೇಲೆ ಹತ್ತಿಯ ದೂಳು ಹೊತ್ತು ಬರುವ ಪಾಳಿಯ ಹುಡುಗರು ತಮ್ಮ ಹಳೆಯ ಊರು ಅಕಿವಾಟದ ಹೊಳೆದಂಡೆ ಏರಿ ಬರುವ ಕುರಿಗಳಾಗುತ್ತಿದ್ದರು. ತೀರಿಹೋದ ಗಂಡ ಕಾಡಸಿದ್ದ ಹೆಗಲಿಗೆ ಕಂಬಳಿ ಹಾಕಿಕೊಂಡು ವಾರಕ್ಕೊಮ್ಮೆಯಾದರೂ ಕಿರಾಣಿ ಅಂಗಡಿಯ ಮುಂದೆ ನಿಂತು ಹೋಗುತ್ತಿದ್ದ. ಸೊಸೆ ತಂಗೆವ್ವ ಬಂದು ನೋಡಿದರೆ ಅದು ಅಂಗಡಿಯವನು ಒಣಗಹಾಕಿದ ಗೋಣಿಚೀಲ. ಗೋಣಿಚೀಲವೋ ಗಂಡನೋ, ಮುದುಕಿಗೆ ಆ ಹೊತ್ತಿನ ಮಟ್ಟಿಗೆ ಜೊತೆಯಿತ್ತು, ಅಷ್ಟು ಸಾಕಾಗಿತ್ತು.

ಆ ಮಂಜಿನಲ್ಲಿ ಯಾರಿಗೂ ವಯಸ್ಸಾಗುತ್ತಿರಲಿಲ್ಲ. ಮಗ ಕಾಡಪ್ಪನಿಗೆ ಐವತ್ತೆರಡು ತುಂಬಿದ್ದರೂ ಅವಳಿಗೆ ಅವನು ಮೊದಲ ಸಲ ಮಗ್ಗಕ್ಕೆ ನಿಂತ ದಿನದ ತುಂಬುಗೆನ್ನೆಯ ಹುಡುಗನೇ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ತಂಗೆವ್ವ ಮೊದಮೊದಲು ನಗುತ್ತಿದ್ದಳು. ಆಮೇಲೆ ನಗುವುದನ್ನು ಬಿಟ್ಟಳು.

ಬಿಡದೆ ಏನು ಮಾಡುತ್ತಾಳೆ? ಎರಡು ವರ್ಷದ ಹಿಂದೆ ಕಾಡಪ್ಪನ ಲಿವರಿನಲ್ಲಿ ಕ್ಯಾನ್ಸರಿನ ಗಡ್ಡೆ ಸಿಕ್ಕಿ, ಕೊಲ್ಹಾಪುರದ ದವಾಖಾನೆಯಲ್ಲಿ ಬಲಭಾಗವನ್ನು ಕೊಯ್ದು ತೆಗೆದಿದ್ದರು. ಯಾವ ಕಾಲದ್ದೋ ಕಾಮಣಿಯ, ಅಂದರೆ ಕಾಮಾಲೆಯ, ವಿಷ ರಕ್ತದಲ್ಲೇ ಉಳಿದುಕೊಂಡು ಮಾಡಿದ ಕೆಲಸ ಎಂದಿದ್ದರು ಡಾಕ್ಟರು. ಹೊಟ್ಟೆಯ ಮೇಲೆ ಕುಡುಗೋಲಿನಷ್ಟು ಉದ್ದದ ಹೊಲಿಗೆ. ಮೂರು ತಿಂಗಳು ಅವನು ಕೆಮ್ಮಲಿಕ್ಕೂ ಹೆದರಿದ, ನಗಲಿಕ್ಕಂತೂ ಇನ್ನೂ ಹೆದರಿದ. ಕೊಯ್ದು ಉಳಿದ ಲಿವರು ತನ್ನಷ್ಟಕ್ಕೆ ತಾನು ಬೆಳೆದು ತುಂಬಿಕೊಂಡಿತು, ಕಾಡಪ್ಪ ಮತ್ತೆ ಮಗ್ಗಕ್ಕೆ ಹೋದ, ಮನೆಯವರು ಉಸಿರು ಬಿಟ್ಟರು. ಈ ಸಲ ಮಳೆ ನಿಂತ ಮೇಲೆ ತಪಾಸಣೆಗೆ ಹೋದವನು ಸಂಜೆ ಬಸ್ಸಿಳಿದು ಮನೆಗೆ ಬಂದು ಚಪ್ಪಲಿ ಬಿಡದೆ ಹಾಗೇ ಕಟ್ಟೆಯ ಮೇಲೆ ಕೂತ. ಗಡ್ಡೆ ಮತ್ತೆ ಬಂದಿತ್ತು.

ಊಟಕ್ಕೆ ಕೂತಾಗ ಕಾಡಪ್ಪನ ಮಗ ವಿಜಯ ಎಲ್ಲರಿಗೂ ವಿವರಿಸಿದ. ಅವನೂ ಅಪ್ಪನ ಶೆಡ್ಡಿನಲ್ಲೇ ಮಗ್ಗ ನೋಡುವವನು. ಅಪ್ಪನ ಜೊತೆ ಡಾಕ್ಟರಮ್ಮನ ಎದುರು ಕೂತು ಎಲ್ಲ ಕೇಳಿಸಿಕೊಂಡು ಬಂದಿದ್ದ. ಮರಳಿ ಬಂದ ಗಡ್ಡೆಗೆ ಮೂರು ದಾರಿಯಂತೆ. ಮೊದಲಿನ ಹಾಗೆ ಇನ್ನೊಮ್ಮೆ ಕೊಯ್ದು ತೆಗೆಯುವುದು ಒಂದು. ಹೊಟ್ಟೆ ತೆರೆಯದೆ ಚರ್ಮದ ಮೇಲಿಂದಲೇ ಉದ್ದನೆಯ ಸೂಜಿ ಇಳಿಸಿ ಗಡ್ಡೆಯಷ್ಟನ್ನೇ ಸುಡುವುದು ಇನ್ನೊಂದು. ಎರಡೂ ಆಗದಿದ್ದರೆ ಲಿವರನ್ನೇ ಬದಲಿಸುವುದು; ಅದಕ್ಕೆ ಪುಣೆಗೆ ಹೋಗಬೇಕು, ಮನೆಯವರೇ ಯಾರಾದರೂ ತಮ್ಮ ಲಿವರಿನ ತುಂಡು ಕೊಡಬೇಕು.

ಕೊಡುವ ಪ್ರಸಂಗ ಬಂದರೆ ತಾನು ಕೊಡುತ್ತೇನೆ ಎಂದು ವಿಜಯ ರೊಟ್ಟಿ ಮುರಿಯುತ್ತಲೇ ಹೇಳಿದ. ಅವನ ಹೆಂಡತಿ ವೃಷಾಲಿ ಪಲ್ಯದ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಅವನ ಮುಖ ನೋಡಿದಳು. ಕಾಡಪ್ಪ ತಾಟನ್ನು ಮುಂದೆ ದೂಡಿ, ನನ್ನ ಮಗನ ಹೊಟ್ಟೆ ಕೊಯ್ಯಿಸಿ ನಾನು ಉಣ್ಣುವವನಲ್ಲ, ಆ ಮಾತು ಈ ಮನೆಯಲ್ಲಿ ಇನ್ನೊಮ್ಮೆ ಬರಕೂಡದು ಎಂದ.

"ಅಲ್ಲಿತನಕ ಹೋಗೂದ ಬ್ಯಾಡಪ್ಪಾ," ವಿಜಯ ತಾಟನ್ನು ಹಿಂದಕ್ಕೆ ಸರಿಸಿ ಕೊಟ್ಟ. "ಗಡ್ಡಿ ಇನ್ನೂ ಬಾರಿಹಣ್ಣಿನಷ್ಟ ಐತಿ. ಸೂಜಿಲೇ ಸುಟ್ಟರ ಮುಗೀತಂತ. ಮುಂದಿನ ತಿಂಗಳ ಹತ್ತಕ್ಕ ಬರ್ರಿ ಅಂದಾರ."

ಹಣಮವ್ವ ಇಷ್ಟು ಹೊತ್ತೂ ಮಜ್ಜಿಗೆಯಲ್ಲಿ ರೊಟ್ಟಿ ನೆನೆಸುತ್ತ ಕೂತಿದ್ದಳು. ಕೊಯ್ಯುವ ಮಾತು ಅವಳ ಕಿವಿಗೆ ಬೀಳುತ್ತಿರಲಿಲ್ಲ, ಬೀಳಗೊಡುತ್ತಿರಲೂ ಇಲ್ಲ. ಕತ್ತಿಯೆಂದರೆ ಅವಳಿಗೆ ಜೀವ ಹೋಗುವಷ್ಟು ಹೆದರಿಕೆ. ಕಣ್ಣಿನ ಪೊರೆ ತೆಗೆಸು ಎಂದು ಆರು ವರ್ಷದಿಂದ ಎಲ್ಲರೂ ಹೇಳಿ ಸೋತಿದ್ದರು. ಆದರೆ ಸೂಜಿಯಿಂದ ಸುಡುವುದೆಂದ ಕೂಡಲೇ ಅವಳ ಮುಖ ಅರಳಿತು. ಅದು ಅವಳಿಗೆ ಗೊತ್ತಿದ್ದ ಸಂಗತಿ.

ಕಾಡಪ್ಪ ಒಂಬತ್ತು ವರ್ಷದವನಿದ್ದಾಗ, ಕುರಿ ಹೊಡೆದುಕೊಂಡು ಗಡಹಿಂಗ್ಲಜದ ಕಡೆ ಹೊಲಗಳಲ್ಲಿ ಹಿಂಡು ಕೂರಿಸುತ್ತಿದ್ದ ಕಾಲ. ಹುಡುಗನಿಗೆ ಕಾಮಣಿಯಾಗಿ ಕಣ್ಣು ಅರಿಸಿನ ಹಚ್ಚಿದ ಹಾಗಾಯಿತು. ಅಲ್ಲೊಬ್ಬ ಮುದುಕ ಸೂಜಿ ಕಾಸಿ ಮುಂಗೈಗೆ ಬರೆ ಎಳೆದ. ಎಂಟು ದಿನಕ್ಕೆ ಹುಡುಗ ಎದ್ದು ಕುರಿಮರಿಯ ಹಿಂದೆ ಓಡಿದ. ಕಾಮಣಿ ತಾನಾಗೇ ಇಳಿಯುವ ಹೊತ್ತಿಗೆ ಬರೆ ಬಿತ್ತೋ, ಬರೆ ಬಿದ್ದದ್ದಕ್ಕೆ ಇಳಿಯಿತೋ, ಕೇಳುವವರು ಯಾರು? ಹೊರಗಿನ ಹಳದಿ ಹೋಗಿ ಒಳಗಿನ ವಿಷ ಉಳಿದದ್ದನ್ನು ನೋಡುವ ಕಣ್ಣು ಆಗ ಯಾರಿಗೂ ಇರಲಿಲ್ಲ. ಹಣಮವ್ವನ ಮಟ್ಟಿಗೆ ಆ ಮುದುಕನ ಸೂಜಿ ದೇವರಾಗಿ ಉಳಿದುಬಿಟ್ಟಿತ್ತು.

"ಸೂಜಿ ಕಾಸಿ ಸುಡೂದಕ್ಕ ಕೊಲ್ಹಾಪುರ ಯಾಕ ಬೇಕ?" ಎಂದಳು. "ಆ ಮುದುಕನ ಮಗ ಮಲ್ಲಾರಿ ಅದಾನಲ್ಲ ಅಲ್ಲೆ."

ಸೊಸೆಯೂ ಮೊಮ್ಮಗನ ಹೆಂಡತಿಯೂ ಒಟ್ಟಿಗೆ ಮೈಮೇಲೆ ಏರಿ ಬಂದರು. ಅದು ಬೇರೆ, ಇದು ಬೇರೆ ಎಂದು ತಂಗೆವ್ವ. ಅಲ್ಲಿ ಮಶೀನಿನಲ್ಲಿ ಒಳಗಿನದೆಲ್ಲ ನೋಡುತ್ತ ನೋಡುತ್ತ ಸೂಜಿ ಇಳಿಸುತ್ತಾರೆ ಆಯೀ ಎಂದು ವೃಷಾಲಿ. ಮುದುಕಿ ಇಬ್ಬರಿಗೂ ಒಂದೇ ಉತ್ತರ ಕೊಟ್ಟಳು: ಅವರದೂ ಸೂಜಿ, ಇವರದೂ ಸೂಜಿ, ಅವರದೂ ಬೆಂಕಿ, ಇವರದೂ ಬೆಂಕಿ. ಇಷ್ಟು ಹೇಳಿ ಕೈ ತೊಳೆದಳು. ಮಾತು ಅಲ್ಲಿಗೆ ಮುಗಿಯಿತೆಂದು ಎಲ್ಲರೂ ತಿಳಿದರು.

ಮುಗಿದಿರಲಿಲ್ಲ. ಕಾಡಪ್ಪ ಆ ಹೊತ್ತು ತುಟಿ ಬಿಚ್ಚಿರಲಿಲ್ಲ ನೋಡಿ, ಅಲ್ಲೇ ಇತ್ತು ಗುಟ್ಟು. ಅವನಿಗೆ ಆ ದವಾಖಾನೆಯ ಮೆಟ್ಟಿಲು ಹತ್ತುವುದೇ ಬೇಡವಾಗಿತ್ತು. ಸೂಜಿ ಎಂದು ಕರೆಸಿಕೊಂಡು, ಮಲಗಿಸಿದ ಮೇಲೆ ಹೊಟ್ಟೆ ಕೊಯ್ದರೆ ಯಾರನ್ನು ಕೇಳುವುದು ಎಂಬ ಭಯ ಹೊಕ್ಕಿತ್ತು. ಐವತ್ತೆರಡು ವರ್ಷದ ಗಂಡಸು, ಹೆದರಿಕೆ ಎಂದು ಹೆಂಡತಿಯ ಮುಂದೆ ಹೇಳಲಾರ. ಅವ್ವನ ಮಾತೊಂದು ಆಸರೆಯಾಗಿ ಸಿಕ್ಕಿತು. ಮಗ್ಗದ ರಜೆಯ ದಿನ ತಾಯಿ ಮಗ ಇಬ್ಬರೂ ಅಕಿವಾಟಕ್ಕೆ ಹೋಗಿ ಬರುತ್ತೇವೆಂದು ಹೇಳಿ ಗಡಹಿಂಗ್ಲಜದ ಬಸ್ಸು ಹತ್ತಿದರು.

ಆ ಪ್ರಯಾಣದಷ್ಟು ಸುಖ ಹಣಮವ್ವ ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ನಿಪ್ಪಾಣಿ ದಾಟಿದ ಮೇಲೆ ಕಿಟಕಿಯ ಹೊರಗೆ ಹಸಿರೂ ಬೂದಿಯೂ ಕಲೆತ ಬಣ್ಣ ಹರಿಯುತ್ತಿತ್ತು. ಕಬ್ಬೋ ಮೋಡವೋ ಅವಳಿಗೆ ತಿಳಿಯುತ್ತಿರಲಿಲ್ಲ. ಆಲೆಮನೆಯ ಬೆಲ್ಲದ ವಾಸನೆ ಬಂತು. ಮಗ ಹೆಗಲಿಗೆ ಒರಗಿ ನಿದ್ದೆ ಹೋದ. ಅವನ ತಲೆ ಇಷ್ಟು ಹಗುರ ಯಾಕಾಯಿತು ಎಂದು ಒಂದು ಗಳಿಗೆ ಅನಿಸಿತು, ಅನಿಸಿದ್ದು ಬಸ್ಸಿನ ಜೋಲಿಯಲ್ಲಿ ಹೊರಟುಹೋಯಿತು. ಕುರಿಗಳ ಹಿಂದೆ ಇದೇ ದಾರಿಯಲ್ಲಿ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ನಡೆದದ್ದು ನಿನ್ನೆಯೋ ಮೊನ್ನೆಯೋ ಆದ ಹಾಗಿತ್ತು.

ಮಲ್ಲಾರಿ ಮೆಣಸಿನಕಾಯಿ ಹೊಲದಲ್ಲಿದ್ದ. ಒಳ್ಳೆಯ ಮನುಷ್ಯ. ಬರೆ ಎಳೆದದ್ದಕ್ಕೆ ಒಂದು ತೆಂಗಿನಕಾಯಿ ಬಿಟ್ಟು ಮತ್ತೇನೂ ಮುಟ್ಟುತ್ತಿರಲಿಲ್ಲ. ಎಲ್ಲ ಕೇಳಿ ತಲೆ ಕೆರೆದುಕೊಂಡು, ನಮ್ಮದು ಕಾಮಣಿಗೆ ಎಳೆಯುವ ಬರೆ, ಗಡ್ಡೆಗೆ ನಮ್ಮಪ್ಪ ಯಾವತ್ತೂ ಎಳೆದಿಲ್ಲ, ಡಾಕ್ಟರು ದಿನ ಕೊಟ್ಟಿದ್ದರೆ ಅಲ್ಲಿಗೇ ಹೋಗಿರಿ ಎಂದ.

"ನೀ ಎಳಿ. ಉಳದದ್ದ ನಾ ನೋಡಕೋತೇನಿ," ಎಂದಳು ಹಣಮವ್ವ.

ನೋಡಿಕೊಳ್ಳುತ್ತಾಳಂತೆ, ಆ ಕಣ್ಣಿನಲ್ಲಿ. ಕಾಡಪ್ಪ ಅಂಗಿ ಬಿಚ್ಚಿ ಜಗಲಿಯ ಮೇಲೆ ಮಲಗಿದ. ಅವಳಿಗೆ ಕಂಡದ್ದು ಒಂದು ಕೆಂಪು ಚುಕ್ಕೆ ಮಾತ್ರ. ಮಗನ ಮೈಮೇಲೆ ಅದು ಮೂರು ಸಲ ಇಳಿಯಿತು. ಬಲ ಪಕ್ಕೆಯ ಕೆಳಗೆ, ಹಳೆಯ ಹೊಲಿಗೆಯ ಮೇಲೆಯೇ. ಗಾಯದ ಮೇಲೆ ಬರೆ ಎಂದು ಜನ ಬಾಯಿಮಾತಿಗೆ ಆಡುತ್ತಾರಲ್ಲ, ಇಲ್ಲಿ ಕೈಯಾರೆ ನಡೆಯಿತು. ಕಾಡಪ್ಪ ಹಲ್ಲು ಕಚ್ಚಿ ಅವ್ವನ ಸೆರಗು ಹಿಡಿದುಕೊಂಡಿದ್ದ. ಮನೆಗೆ ಬರುವಾಗ ಇಬ್ಬರೂ ಗೆದ್ದವರ ಹಾಗೆ ಬಂದರು.

ಆರನೆಯ ದಿನ ತಂಗೆವ್ವ ಬಟ್ಟೆ ಒಗೆಯಲು ಕೂತಾಗ ಗಂಡನ ಬನಿಯನ್ನಿನಲ್ಲಿ ಕೀವಿನ ಕಲೆ ಕಂಡಳು. ನೆಟ್ಟಗೆ ಒಳಗೆ ಬಂದು, ಮಲಗಿದ್ದ ಅವನ ಅಂಗಿ ಎತ್ತಿ ನೋಡಿದಳು. ಜ್ವರ ಸುಡುತ್ತಿತ್ತು. ಮೊದಲೇ ಸಕ್ಕರೆ ಕಾಯಿಲೆಯ ಮೈ, ಬರೆಯ ಮೂರೂ ಗಾಯ ಒಂದಾಗಿ ಬಾತಿದ್ದವು. ಎಲ್ಲಿಗೆ ಹೋಗಿದ್ದಿರಿ ಎಂದು ಒಂದೇ ಸಲ ಕೇಳಿದಳು. ಉತ್ತರ ಬಂದ ಮೇಲೆ ಅವಳು ಕೂಗಾಡಲಿಲ್ಲ. ಒದ್ದೆ ಕೈಯಲ್ಲೇ ಗೋಡೆಗೆ ಒರಗಿ ಕೂತು, ಕಾಂಡಿ ಎಂಬ ಲಾಳಿಯ ಕಡ್ಡಿಗೆ ಸುತ್ತಲು ಬಂದಿದ್ದ ನೂಲಿನ ರಾಶಿಯನ್ನು ನೋಡುತ್ತ ಅತ್ತಳು.

ಹತ್ತನೇ ತಾರೀಕಿಗೆ ಡಾಕ್ಟರಮ್ಮನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ವಿಜಯ ಆಮೇಲೆ ಹೇಳಿದ. ಕೀವಿನ ಮೇಲಿಂದ ಸೂಜಿ ಇಳಿಸಿದರೆ ವಿಷ ಲಿವರಿಗೇ ಇಳಿಯುತ್ತದೆ, ಗಾಯ ಮಾಗುವ ತನಕ ಕಾಯಬೇಕು ಎಂದಳಂತೆ. ಕಾದರು. ಗಾಯ ಮಾಗಲಿಕ್ಕೆ ಎರಡು ತಿಂಗಳು ಹಿಡಿಯಿತು. ಹೊಸದಾಗಿ ಫೋಟೋ ತೆಗೆದರೆ ಬಾರಿಹಣ್ಣು ನಿಂಬೆಹಣ್ಣಾಗಿತ್ತು, ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿತ್ತು. ಹರಿಯುವ ರಕ್ತ ಸೂಜಿಯ ಕಾವನ್ನು ಎಳೆದುಕೊಂಡು ಹೋಗುತ್ತದೆ, ಗಡ್ಡೆ ಪೂರ್ತಿ ಸುಡುವುದಿಲ್ಲ. ಸೂಜಿಯ ದಾರಿ ಮುಚ್ಚಿತ್ತು. ಇನ್ನೊಮ್ಮೆ ಕೊಯ್ಯುವುದೊಂದೇ ಈಗ ಸರಿ. ಉಳಿದ ಲಿವರು ಗಟ್ಟಿಯಾಗಿ ಕೆಡದೆ ಇನ್ನೂ ಮೆತ್ತಗಿದೆ, ಕೊಯ್ದರೂ ಬೇಕಾದಷ್ಟು ಉಳಿಯುತ್ತದೆ. ಬದಲಿಸುವ ಮಾತನ್ನು ಮುಂದಿನ ಕಷ್ಟಕ್ಕೆ ಇಟ್ಟುಕೊಳ್ಳೋಣ. ಆದರೆ ತಡ ಮಾಡಿದರೆ ಕೊಯ್ಯಲಿಕ್ಕೂ ಬರುವುದಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು. ಹದಿನೈದು ದಿನದಾಚೆಯ ಒಂದು ಗುರುವಾರ ಕೊಟ್ಟಿದ್ದಳು. ಬರುವುದಾದರೆ ಸೋಮವಾರದೊಳಗೆ ಫೋನ್ ಮಾಡಬೇಕು, ಇಲ್ಲವಾದರೆ ಆ ಜಾಗ ಬೇರೆಯವರಿಗೆ.

ಕಾಡಪ್ಪ ಒಲ್ಲೆನೆಂದ. ಕಾರಣ ಕೇಳಿದರೆ ಗೋಡೆಗೆ ಮುಖ ತಿರುಗಿಸಿದ. ವಿಜಯ ಸಿಟ್ಟು ಮಾಡಿದ, ಕಾಲು ಹಿಡಿದ, ಎರಡು ದಿನ ಮಾತು ಬಿಟ್ಟ. ವೃಷಾಲಿ ಕೊಲ್ಹಾಪುರದ ತವರಿನಿಂದ ಅಣ್ಣನನ್ನು ಕರೆಸಿ ಮರಾಠಿಯಲ್ಲಿ ಬುದ್ಧಿ ಹೇಳಿಸಿದಳು. ಎಲ್ಲರದೂ ಕೇಳಿ ಕಾಡಪ್ಪ ಕಡೆಗೆ ಹೇಳುತ್ತಿದ್ದುದು ಒಂದೇ: ಅವ್ವ ಬ್ಯಾಡ ಅಂತಾಳ.

ಅವ್ವ ಬೇಡವೆನ್ನುತ್ತಿದ್ದದ್ದು ನಿಜ. ಬರೆಯ ವಿಷಯದಲ್ಲಿ ತನ್ನಿಂದ ತಪ್ಪಾಯಿತೆಂದು ಅವಳು ಒಳಗೊಳಗೇ ಬೆಂದಿದ್ದಳು, ಆದರೆ ಎಪ್ಪತ್ತನಾಲ್ಕು ವರ್ಷದಲ್ಲಿ ತಪ್ಪಾಯಿತು ಎಂಬ ಮಾತು ಆ ಬಾಯಿಂದ ಹೊರಬಿದ್ದದ್ದಿಲ್ಲ. ಅದನ್ನು ಮುಚ್ಚಲಿಕ್ಕೆ ಕತ್ತಿಯ ಮೇಲೆ ಇನ್ನಷ್ಟು ಹರಿಹಾಯ್ದಳು. ತಂಗೆವ್ವ ಅತ್ತೆಯ ಜೊತೆ ಮಾತು ಬಿಟ್ಟಿದ್ದಳು. ಹೊತ್ತಿಗೆ ಸರಿಯಾಗಿ ತಾಟು ತಂದು ಮುಂದಿಡುತ್ತಿದ್ದಳು, ರೊಟ್ಟಿ ಬಿಸಿ ಇರುತ್ತಿತ್ತು, ಉಪ್ಪು ಹದವಾಗಿರುತ್ತಿತ್ತು, ಉಣ್ಣಿರಿ ಎಂಬ ಮಾತು ಮಾತ್ರ ಇರುತ್ತಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಡಾಕ್ಟರಮ್ಮ ಗುರುವಾರ ಕೊಟ್ಟ ಮೇಲಿನ ಹನ್ನೊಂದನೆಯ ದಿನ, ಶನಿವಾರ ಬೆಳಿಗ್ಗೆ, ತಂಗೆವ್ವನ ಮೌನ ಒಡೆಯಿತು. ಹಣಮವ್ವ ನೆರೆಮನೆಯ ನಾಗೂಬಾಯಿಯ ಮುಂದೆ, ನನ್ನ ಮಗ ಮೈಕೈ ತುಂಬಿಕೊಂಡು ಇದ್ದಾನೆ, ಇವರಿಗೆ ಸುಮ್ಮನೆ ಕೊಯ್ಯಿಸುವ ಹುಚ್ಚು ಎನ್ನುತ್ತಿದ್ದಳು. ತಂಗೆವ್ವ ಕಾಂಡಿ ಸುತ್ತುವ ಚಕ್ರ ನಿಲ್ಲಿಸಿ ಎದ್ದು ಬಂದಳು.

"ಅತ್ತಿ, ನೀವ ಅವರ ಮಾರಿ ನೋಡಿ ಆರು ವರ್ಷ ಆತ್ರಿ. ನೀವ ಮೈಕೈ ತುಂಬೇತಿ ಅಂತೀರಿ. ಅವರ ಪ್ಯಾಂಟಿಗೆ ನಾನ ದಿನಾ ಲಾಡಿ ಬಿಗದ ಕಟ್ಟತೇನಿ. ಅವರ ನಮ್ಮ ಮಾತ ಕೇಳಂಗಿಲ್ಲ, ನಿಮ್ಮ ಮಾತ ಕೇಳತಾರ. ನೀವ ನೋಡಂಗಿಲ್ಲ. ನಾವ ಯಾರ ಹತ್ರ ಹೋಗೂದ್ರಿ?"

ನಾಗೂಬಾಯಿ ಎದ್ದು ಹೊರಟಳು. ಹಣಮವ್ವ ಹೊಸ್ತಿಲ ಮೇಲೆ ಕೂತೇ ಇದ್ದಳು. ಮಧ್ಯಾಹ್ನದ ಪಾಳಿಯ ಹುಡುಗರು ಬಂದು ಹೋದರು, ಕುರಿಗಳು ಬರಲಿಲ್ಲ. ಒಳಗೆ ಕಾಡಪ್ಪ ಮಗ್ಗುಲಾದಾಗ ಮಂಚ ಕಿರುಗುಟ್ಟಿತು. ಇಷ್ಟು ದಿನ ಬೇಕಾದ ಮುಖವನ್ನೇ ತೋರಿಸುತ್ತಿದ್ದ ಮಂಜು ಅವತ್ತು ಏನನ್ನೂ ತೋರಿಸಲಿಲ್ಲ. ಅವಳಿಗೆ ತುಂಬ ಭಯವಾಯಿತು. ವೃಷಾಲಿಯನ್ನು ಹತ್ತಿರ ಕರೆದು ಸೆರಗಿನ ಮರೆಯಲ್ಲಿ ಕೇಳಿದಳು: ಕಣ್ಣು ತೆಗೆಯುವ ಡಾಕ್ಟರು ಭಾನುವಾರ ಇರುತ್ತಾನೇನು?

ವೃಷಾಲಿಗೆ ನಂಬಿಕೆಯಾಗಲಿಲ್ಲ. ಆಯೀ, ಅದಕ್ಕೂ ಕತ್ತಿಯೇ ಬೇಕು ಎಂದು ಎಚ್ಚರಿಸಿದಳು. ಗೊತ್ತು ಎಂದಳು ಮುದುಕಿ. ವೃಷಾಲಿಗೆ ಬಳೆ ಇಡಿಸಿಕೊಂಡು ಬರುತ್ತೇವೆಂದು ಹೇಳಿ ಇಬ್ಬರೂ ಇಚಲಕರಂಜಿಯ ಪೇಟೆಯಲ್ಲಿದ್ದ ಕಣ್ಣಿನ ದವಾಖಾನೆಗೆ ಹೋಗಿ ಆವತ್ತೇ ತಪಾಸಣೆ ಮಾಡಿಸಿಕೊಂಡರು. ಭಾನುವಾರ ಬೆಳಿಗ್ಗೆ ಒಂದು ಕಣ್ಣು. ಮೇಜಿನ ಮೇಲೆ ಮಲಗಿದಾಗ ಹಣಮವ್ವ ಕುಲದೇವರನ್ನೆಲ್ಲ ಒಬ್ಬೊಬ್ಬರಾಗಿ ಕರೆದಳು. ಪಟ್ಟಿ ಅರ್ಧಕ್ಕೆ ಬರುವಷ್ಟರಲ್ಲಿ ಮುಗಿಯಿತು, ಏಳ್ರಿ ಆಜೀ ಎಂದರು. ಇಷ್ಟೇ ಏನು ಎಂದು ಕೇಳಿದಳು. ಇಷ್ಟಕ್ಕೆ ಆರು ವರ್ಷ ಹೆದರಿದೆನೇ ಎಂದು ನಾಚಿಕೆಯಾಯಿತು. ರಾತ್ರಿ ಅಲ್ಲೇ ಹತ್ತಿರದ ವೃಷಾಲಿಯ ಗೆಳತಿಯ ಮನೆಯಲ್ಲಿ ಉಳಿದರು. ಗೆಳತಿಯನ್ನು ನೋಡಲು ಹೋಗಿದ್ದಾರೆಂದು ಮನೆಯ ಗಂಡಸರು ತಿಳಿದಿದ್ದರು, ತಂಗೆವ್ವನಿಗೆ ಮಾತ್ರ ಫೋನಿನಲ್ಲಿ ನಿಜ ಗೊತ್ತಾಗಿತ್ತು.

ಸೋಮವಾರ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಮೊದಲು ಕಂಡದ್ದು ವೃಷಾಲಿಯ ಮುಖ. ಮದುವೆಯಾಗಿ ನಾಲ್ಕು ವರ್ಷವಾದರೂ ಆ ಮುಖವನ್ನು ಅವಳು ನೋಡಿರಲೇ ಇಲ್ಲ. ಇಷ್ಟು ಚೆಂದ ಇದ್ದೀಯಲ್ಲೇ, ಇಷ್ಟು ದಿನ ಯಾರೂ ಹೇಳಲಿಲ್ಲ ನನಗೆ ಎಂದಳು. ವೃಷಾಲಿ ನಕ್ಕು ಕಪ್ಪು ಕನ್ನಡಕ ಏರಿಸಿದಳು. ರಿಕ್ಷಾದಲ್ಲಿ ಬರುವಾಗ ಎಲ್ಲಕ್ಕೂ ಅಂಚು ಬಂದಿತ್ತು: ಕಂಬಕ್ಕೆ, ತಂತಿಗೆ, ಗಟಾರಿಗೆ. ಕಾಡಸಿದ್ದ ಇನ್ನು ಕಿರಾಣಿ ಅಂಗಡಿಯ ಮುಂದೆ ಬರುವುದಿಲ್ಲ ಎಂದು ತಿಳಿದು ಕನ್ನಡಕದ ಕೆಳಗೆ ಸೆರಗು ತಂದಳು. ಅಳಬೇಡಿರಿ ಆಯೀ, ಕಣ್ಣಿಗೆ ಒಳ್ಳೆಯದಲ್ಲ ಎಂದು ವೃಷಾಲಿ ಕೈ ಒತ್ತಿದಳು.

ಮನೆಯೊಳಗೆ ಕಾಲಿಟ್ಟಾಗ ಮಂಚದ ಮೇಲೆ ಯಾರೋ ಮುದುಕ ಬರಿ ಮೈಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಊರಿನಿಂದ ಯಾರಾದರೂ ಬಂದಿರಬೇಕು ಎಂದುಕೊಂಡಳು. ಕೆನ್ನೆ ಒಳಗೆ ಹೋಗಿದ್ದವು, ಕೊರಳ ಎಲುಬು ಎದ್ದಿದ್ದವು, ಕೂದಲು ಬೆಳ್ಳಗಾಗಿತ್ತು. ಆ ಮುದುಕ ತಲೆ ಎತ್ತಿ "ಅವ್ವಾ" ಎಂದ.

ಹಣಮವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕಾಡಪ್ಪ ಅವಳ ಕನ್ನಡಕ ನೋಡಿದ, ವೃಷಾಲಿಯ ಮುಖ ನೋಡಿದ, ತಿಳಿಯಿತು.

"ನೀ ಕೊಯ್ಯಿಸಿಕೊಂಡ ಬಂದಿ?"

"ಹೂಂ."

"ನನಗ ಬ್ಯಾಡ ಅಂದಾಕಿ."

ಅವಳು ಅವನ ಪಕ್ಕದಲ್ಲಿ ಕೂತಳು. ಪಕ್ಕೆಯ ಕೆಳಗೆ ಹಳೆಯ ಹೊಲಿಗೆಯನ್ನು ಅಡ್ಡಡ್ಡ ದಾಟಿದ ಮೂರು ಬರೆಗಳು ಕಪ್ಪಗೆ ಗಂಟುಗಟ್ಟಿ ಕಾಣುತ್ತಿದ್ದವು. ಒಂದೊಂದರ ಮೇಲೂ ಬೆರಳಿಟ್ಟು ನೋಡಿದಳು. ಒಲೆಯ ಮುಂದೆ ತಂಗೆವ್ವ ರೊಟ್ಟಿ ಬಡಿಯುವುದು ನಿಂತಿತು. ಪಾಳಿಗೆ ಹೊರಟಿದ್ದ ವಿಜಯ ಬಾಗಿಲಲ್ಲೇ ನಿಂತ.

"ಇವನ್ನ ನಾ ಎಳಿಸಿದ್ನಿ," ಎಂದಳು ಹಣಮವ್ವ. "ತಪ್ಪ ನಂದು. ಮಲ್ಲಾರಿದಲ್ಲ, ನಿಂದಲ್ಲ. ಕಣ್ಣಿಲ್ಲದಾಕಿ ಮಾತ ಕೇಳಿ ಗಡಹಿಂಗ್ಲಜಕ್ಕ ಬಂದಿ. ಈಗ ಕಣ್ಣಿದ್ದಾಕಿ ಹೇಳಾಕತ್ತೇನಿ, ಕೊಲ್ಹಾಪುರಕ್ಕ ನಡಿ."

ಕಾಡಪ್ಪ ಚಹಾದ ಬಸಿಯನ್ನು ಮಗನತ್ತ ಚಾಚಿದ. ವಿಜಯ ಬಂದು ಅದನ್ನು ಇಸಿದುಕೊಂಡ.

"ನನಗ ಹೆದರಿಕಿ ಆಗತೈತಿ ಅವ್ವಾ." ಹೆಂಡತಿ, ಮಗ, ಸೊಸೆ ಎಲ್ಲರ ಎದುರಿಗೆ ಹೇಳಿದ. "ಒಳಗ ಹೋಗಿ ಸತ್ತರ?"

ಮುದುಕಿ ಬಹಳ ಹೊತ್ತು ಅವನ ಮುಖ ನೋಡಿದಳು. ಆರು ವರ್ಷದ ಮೇಲೆ ಮೊದಲ ಸಲ ನೋಡುತ್ತಿದ್ದಳು, ಎಷ್ಟು ನೋಡಿದರೂ ಸಾಲದಾಗಿತ್ತು.

"ಸತ್ತರ ನಾ ನೋಡತೇನಿ," ಎಂದಳು. "ಅದಕ್ಕೂ ತಯಾರಾಗೇ ಕಣ್ಣ ತಗಿಸಿಕೊಂಡ ಬಂದೇನಿ. ಆದರ ನೀ ಇಲ್ಲೆ ಕುಂತ ಕುಂತ ಕರಗೂದನ್ನ ನಾ ನೋಡೂದಿಲ್ಲ."

ಕಾಡಪ್ಪ ತಲೆ ತಗ್ಗಿಸಿ ತನ್ನ ಹೊಟ್ಟೆಯನ್ನು ತಾನೇ ನೋಡಿಕೊಂಡ. ಆಮೇಲೆ ಗೂಟಕ್ಕೆ ನೇತುಹಾಕಿದ ಅಂಗಿಯತ್ತ ಕೈ ಚಾಚಿದ, ಸಿಕ್ಕಲಿಲ್ಲ. ಹಣಮವ್ವ ಎದ್ದು ತೆಗೆದು ಕೊಟ್ಟಳು. ತೋಳು ಹಾಕಿಸಿ ಕೊರಳಿನಿಂದ ಕೆಳಗಿನವರೆಗೆ ಗುಂಡಿಗಳನ್ನು ಒಂದೂ ತಪ್ಪದೆ ತಾನೇ ಹಾಕಿದಳು.

"ವಿಜ್ಯಾ," ಎಂದ ಕಾಡಪ್ಪ, "ಡಾಕ್ಟರಿಗೆ ಫೋನ್ ಹಚ್ಚು. ಗುರುವಾರ ಬರತೇನಿ ಅಂತ ಹೇಳು. ನಮ್ಮವ್ವನ್ನೂ ಕರಕೊಂಡ ಬರತೇನಿ ಅನ್ನು."